ದುಮ್ಮವಾಡದ ನೀರು, ಗಂಗಾವಳಿಯ ದೋಣಿ

ಹುಬ್ಬಳ್ಳಿಯ ಗದ್ದಲವನ್ನು ಹಿಂದಿಟ್ಟು ಪಶ್ಚಿಮಕ್ಕೆ ಮುಖಮಾಡಿದ ಪ್ರವಾಸಿಗೆ, ಒಂದು ಗಂಟೆ ತುಂಬುವುದರೊಳಗೆ, ಎರಡು ನಾಡುಗಳು ಕೈಕೂಡುವ ತಾಣ ಎದುರಾಗುತ್ತದೆ. ಬೆನ್ನ ಹಿಂದೆ ಕುಂದಗೋಳ, ನವಲಗುಂದ, ಅಣ್ಣಿಗೇರಿಗಳ ಎರೆಭೂಮಿ. ಹತ್ತಿ, ಜೋಳ, ಕಡಲೆಗಳ ವಿಶಾಲವಾದ ಬಯಲು. ಎದುರಿಗೆ ಮಲೆನಾಡಿನ ಸೆರಗು. ಕೆಮ್ಮಣ್ಣು, ಬತ್ತದ ಗದ್ದೆ, ದೂರದಲ್ಲಿ ನೀಲಿಗಟ್ಟಿದ ಕಾಡಿನ ಸಾಲು. ಕಲಘಟಗಿ ತಾಲ್ಲೂಕಿನ ದುಮ್ಮವಾಡ ಈ ಸೆರಗಿನ ಅಂಚಿನ ಊರು. ಅದರ ಸಮೀಪದಲ್ಲಿ ಬೇಡ್ತಿ ಹಳ್ಳಕ್ಕೆ ಕಟ್ಟಿದ ಒಡ್ಡಿನ ಹಿಂದೆ ಹರಡಿಕೊಂಡಿರುವ ಜಲರಾಶಿಯೇ ನೀರಸಾಗರ.

ಸಾಗರವೆಂಬ ಹೆಸರು ಕೆರೆಗೆ ತುಸು ದೊಡ್ಡದಾಯಿತೆಂದು ಯಾರಾದರೂ ನಗಬಹುದು. ಆದರೆ 1950ರ ದಶಕದ ನಡುವೆ ಈ ಒಡ್ಡು ಎದ್ದ ಕಾಲಕ್ಕೆ ಹುಬ್ಬಳ್ಳಿಯ ಗೃಹಿಣಿಯರಿಗೆ ಇದು ನಿಜವಾಗಿಯೂ ಸಾಗರವೇ ಆಗಿದ್ದಿತು. ಮಲಪ್ರಭೆಯ ನೀರು ಸವದತ್ತಿಯ ಕಡೆಯಿಂದ ಕೊಳವೆಗಳಲ್ಲಿ ಬರುವ ಮುನ್ನ ಆ ನಗರದ ಎಷ್ಟೋ ಮನೆಗಳ ಹಂಡೆ-ಕೊಡಗಳು ದುಮ್ಮವಾಡವನ್ನೇ ನಂಬಿದ್ದುವು. 2016–17ರ ಬರದಲ್ಲಿ ಈ ಕೆರೆ ಒಣಗಿ, ತಳದ ಮಣ್ಣು ಬಿರುಕುಬಿಟ್ಟಿತು. 2019ರ ಆಗಸ್ಟ್ ತಿಂಗಳ ಮಹಾಮಳೆಯಲ್ಲಿ ಮತ್ತೆ ತುಂಬಿ ತುಳುಕಿತು. ತುಂಬಿದ ನೀರಿನ ಬೆಲೆಯನ್ನು ಬಲ್ಲವರು ಬರಿದಾದ ಕೆರೆಯನ್ನು ಕಂಡವರೇ.

ಇಲ್ಲಿಯ ನೀರಿಗೆ ಇನ್ನೊಂದು ವಿಶೇಷವುಂಟು. ನವಲಗುಂದದ ಬಯಲಿನಲ್ಲಿ ಬಿದ್ದ ಮಳೆ ಬೆಣ್ಣೆಹಳ್ಳವನ್ನು ಸೇರಿ, ಮಲಪ್ರಭೆ-ಕೃಷ್ಣೆಯರ ಕೈಹಿಡಿದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ದುಮ್ಮವಾಡದ ಮಳೆಯಾದರೋ ಬೇಡ್ತಿಯ ಜೊತೆಗೂಡಿ ಪಶ್ಚಿಮದ ಹಾದಿ ಹಿಡಿಯುತ್ತದೆ. ಯಲ್ಲಾಪುರದ ಸಮೀಪ ಮಾಗೋಡಿನಲ್ಲಿ ಸುಮಾರು 200 ಮೀಟರಿನಷ್ಟು ಕೆಳಕ್ಕೆ ಧುಮುಕಿ, ಮುಂದೆ ಗಂಗಾವಳಿಯೆಂಬ ಹೆಸರು ಪಡೆದು, ಅಂಕೋಲೆಯ ಸೀಮೆಯಲ್ಲಿ ಅರಬ್ಬೀ ಸಮುದ್ರವನ್ನು ಕೂಡುತ್ತದೆ. ಒಂದೇ ಜಿಲ್ಲೆಯ ಎರಡು ಹನಿಗಳು ಎರಡು ಕಡಲುಗಳ ಪಾಲಾಗುವುದು ಎಂಥ ಸೋಜಿಗ!

ಒಡ್ಡಿನ ಮೇಲೆ ಬುತ್ತಿ ಬಿಚ್ಚಿ ಕುಳಿತ ಕುಟುಂಬಗಳಲ್ಲಿ ಮಕ್ಕಳ ಬಾಯಿಂದ ತಪ್ಪದೆ ಹೊರಡುವ ಪ್ರಶ್ನೆಯೊಂದಿದೆ. ನನ್ನ ಮಗನೂ ಅದನ್ನೇ ಕೇಳಿದನು: “ಅಪ್ಪಾ, ಇಷ್ಟು ನೀರದ, ಮೋಟಾರ್ ದೋಣಿ ಯಾಕಿಲ್ಲ?” ಇದಕ್ಕೆ ಎರಡು ಉತ್ತರಗಳುಂಟು. ಯಂತ್ರವಿದ್ದಲ್ಲಿ ಎಣ್ಣೆ ಇದ್ದೇ ಇರುತ್ತದೆ. ಹಳೆಯ ಬಗೆಯ ದೋಣಿ-ಎಂಜಿನುಗಳಲ್ಲಂತೂ ಪೆಟ್ರೋಲಿನೊಡನೆ ಬೆರೆಸಿದ ಎಣ್ಣೆಯ ಒಂದಂಶ ಉರಿಯದೆ ನೀರಿಗೇ ಇಳಿಯುತ್ತದೆ. ಕುಡಿಯಲೆಂದು ಕಟ್ಟಿದ ಕೆರೆಗೆ ಅದು ಸಲ್ಲದು. ಎರಡನೆಯದಾಗಿ, ಗಾಡಿಯ ಮೇಲೆ ತಂದ ದೋಣಿಯನ್ನು ನೀರಿಗಿಳಿಸಲು ಗಟ್ಟಿಯಾದ, ಹದವಾದ ಇಳಿಜಾರು ಬೇಕು. ಕೆರೆಯ ಅಂಚಿನ ಹೂಳು ಮೋಟಾರಿನ ಗಾಲಿಗಳನ್ನು ನುಂಗಿಬಿಡುತ್ತದೆ.

ನಮ್ಮ ನಾಡಿನ ಹರಿಗೋಲಿಗೆ ಈ ತೊಡಕಿಲ್ಲ. ಅಂಬಿಗನು ಅದನ್ನು ತಲೆಯ ಮೇಲೆ ಹೊತ್ತು ತಂದು, ಬೇಕಾದಲ್ಲಿ ನೀರಿಗೆ ತಳ್ಳಬಲ್ಲನು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್, ತುಂಗಭದ್ರೆಯಲ್ಲಿ ಜನರನ್ನು ದಾಟಿಸುತ್ತಿದ್ದ, ತೊಗಲು ಹೊದಿಸಿದ ಈ ಬುಟ್ಟಿದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಯಂತ್ರದೋಣಿ ಮಾತ್ರ ಸುಕುಮಾರಿ. ಅದಕ್ಕೆ ಮೇಣೆಯಂತೆ ಟ್ರೇಲರ್ ಬೇಕು, ಇಳಿಯಲು ಮೆಟ್ಟಿಲು ಬೇಕು.

ದುಮ್ಮವಾಡದಲ್ಲಿ ಸಲ್ಲದ ಆ ಆಸೆಯನ್ನು ಅದೇ ನೀರಿನ ಇನ್ನೊಂದು ತುದಿಯಲ್ಲಿ ತೀರಿಸಿಕೊಳ್ಳಬಹುದೆಂದು ಕಾರವಾರದ ಮಿತ್ರರೊಬ್ಬರು ಬರೆದರು. ಅವರಲ್ಲಿ ಐವರು ಕೂಡಬಹುದಾದ, 14 ಅಡಿಯ ಫೈಬರ್ ದೋಣಿಯಿದೆ. ಡಿಸೆಂಬರಿನ ಒಂದು ರವಿವಾರ ನಾವು ಎಂಟು ಮಂದಿ, ಕಲಘಟಗಿ, ಯಲ್ಲಾಪುರ, ಅರಬೈಲು ಘಟ್ಟಗಳನ್ನು ದಾಟಿ ಗಂಗಾವಳಿಯ ಅಳಿವೆಯನ್ನು ತಲುಪಿದೆವು. ಮಿತ್ರರು ಕಾರಿನ ಹಿಂದೆ ದೋಣಿಯನ್ನು ಎಳೆದುಕೊಂಡು ಆಗತಾನೆ ಬಂದಿದ್ದರು.

ನೀರು ಅಲ್ಲಿಯೇ ಇದ್ದರೂ ಅವರು ಅರ್ಧ ಗಂಟೆ ಸುಮ್ಮನೆ ನಿಂತರು. ದಾರಿಯುದ್ದಕ್ಕೂ ಉರುಳಿ ಕಾದ ಗಾಲಿಯ ಗುಂಬಗಳನ್ನು ಒಮ್ಮೆಲೆ ತಣ್ಣೀರಿಗಿಳಿಸಿದರೆ, ಅವು ನೀರನ್ನು ಒಳಕ್ಕೆ ಹೀರಿ ಬೇರಿಂಗುಗಳನ್ನು ಕೆಡಿಸಿಕೊಳ್ಳುತ್ತವೆಯಂತೆ. ಆ ಬಿಡುವಿನಲ್ಲಿ ಒಂದೊಂದಾಗಿ ಕೆಲಸಗಳು ನಡೆದುವು. ದೋಣಿಯ ಹಿಂದುಗಡೆ ತಳದಲ್ಲಿ, ಒಳನೀರನ್ನು ಹರಿಯಬಿಡುವ ರಂಧ್ರವೊಂದಿದೆ. ಅದರ ಬಿರಡೆಯನ್ನು ತಿರುಪಿ ಬಿಗಿದರು. ಹೆಬ್ಬೆರಳಿನ ಗಾತ್ರದ ಈ ಬಿರಡೆ ಮರೆತರೆ ದೋಣಿ ದಡದಲ್ಲಿಯೇ ಮುಳುಗುತ್ತದೆ. ಹಿಂದಿನ ಪಟ್ಟಿಗಳನ್ನು ಬಿಚ್ಚಿದರು. ಮೂತಿಯ ಕಡೆಯ ಹಗ್ಗವನ್ನು ಮಾತ್ರ ಬಿಡಲಿಲ್ಲ. ಎಂಜಿನ್ನಿನ ಪಂಖ ನೆಲಕ್ಕೆ ತಾಗದಂತೆ ಅದನ್ನು ಮೇಲಕ್ಕೆ ವಾಲಿಸಿದರು. ಪೆಟ್ರೋಲನ್ನು ಅಳೆದು ನೋಡಿದರು: ಹೋಗುವುದಕ್ಕೆ ಮೂರನೆಯ ಒಂದು ಪಾಲು, ಬರುವುದಕ್ಕೆ ಒಂದು, ಆಪತ್ತಿಗೆ ಒಂದು ಎಂಬುದು ಅವರ ಲೆಕ್ಕ. 1917ರ ಹಳೆಯ ಕಾಯ್ದೆಯ ಸ್ಥಾನದಲ್ಲಿ 2021ರಲ್ಲಿ ಬಂದ ಒಳನಾಡು ಜಲಯಾನಗಳ ಕಾಯ್ದೆಯ ಪ್ರಕಾರದ ನೋಂದಣಿ ಪತ್ರವೂ ಚೀಲದಲ್ಲಿತ್ತು.

ಬಳಿಕ ಭರತದ ಹೊತ್ತನ್ನು ನೋಡಿಕೊಂಡು ಕಾರನ್ನು ಹಿಂದಕ್ಕೆ ಸರಿಸಿದರು. ದಿನಕ್ಕೆರಡು ಬಾರಿ ಏರಿಳಿಯುವ ಕಡಲು, ಪ್ರತಿದಿನವೂ ಸುಮಾರು 50 ನಿಮಿಷ ತಡಮಾಡಿ ಬರುತ್ತದೆ. ಇಳಿತದಲ್ಲಿ ಅದೇ ಇಳಿಜಾರಿನ ತುದಿ ಕೆಸರಾಗಿರುತ್ತದೆ. ಟ್ರೇಲರನ್ನು ಹಿಂದಕ್ಕೆ ತಳ್ಳುವುದೂ ಒಂದು ವಿದ್ಯೆ. ಅದು ಎಡಕ್ಕೆ ಹೊರಳಬೇಕಾದರೆ ಕಾರಿನ ಚಕ್ರವನ್ನು ಮೊದಲು ಬಲಕ್ಕೆ ತಿರುಗಿಸಬೇಕು. ಕಬ್ಬಿನ ಟ್ರ್ಯಾಕ್ಟರು ನಡೆಸುವ ನಮ್ಮ ಕಲಘಟಗಿಯ ತರುಣರಿಗೆ ಇದು ಹೊಸತಲ್ಲ. ಕಾರಿನ ಹಿಂಗಾಲಿಗಳು ಇನ್ನೂ ಒಣನೆಲದ ಮೇಲಿದ್ದಾಗಲೇ ದೋಣಿಯ ಹಿಂಭಾಗ ಮೆಲ್ಲನೆ ಮೇಲೆದ್ದಿತು. ಮೂತಿಯ ಹಗ್ಗ ನನ್ನ ಕೈಯಲ್ಲಿತ್ತು. ಕಲ್ಲಿನಂತಿದ್ದ ಭಾರವು ಒಂದು ಕ್ಷಣದಲ್ಲಿ ಹಸುಗರುವಿನಂತೆ ಹಗ್ಗವನ್ನು ಜಗ್ಗತೊಡಗಿದಾಗ ಆದ ಹರ್ಷವನ್ನು ಬಣ್ಣಿಸುವುದು ಕಠಿಣ.

ಎಂಜಿನ್ನು ಇಳಿಯಿತು, ಗುಡುಗಿತು. ಅದರ ಪಕ್ಕದಿಂದ ತಂಪುನೀರಿನ ಎಳೆಯೊಂದು ಚಿಮ್ಮುವುದನ್ನು ಕಂಡ ಮೇಲೆಯೇ ಮಿತ್ರರು ತಲೆಯಾಡಿಸಿದರು. ಆಗ ಹತ್ತುವವರ ಎಣಿಕೆ ಬಂತು. ನಮ್ಮ ಭಾವನವರು, “ಇನ್ನೊಂದಿಬ್ಬರು ಸರಿದು ಕೂತರೆ ಏನಾಗತದ?” ಎಂದರು. ಮಿತ್ರರು ನಗುತ್ತಲೇ, “ಹತ್ತಿಸಿಕೊಳ್ಳಲು ದೋಣಿ ಬೇಡವೆನ್ನುವುದಿಲ್ಲ, ರಾಯರೇ, ಎಲ್ಲರನ್ನೂ ಮರಳಿ ತರುವ ಹೊಣೆ ಮಾತ್ರ ನನ್ನದು” ಎಂದರು. ದಂಡೆಯ ಮೇಲೆ ಕುಳಿತಿದ್ದ ನಮ್ಮ ಅವ್ವನೂ, “ಮನಿಮಂದಿ ಎಲ್ಲಾ ಒಮ್ಮೆಲೆ ನೀರಿನ ಮ್ಯಾಲ ಹೋಗಬಾರದಪಾ” ಎಂದಳು. ಭಾವನವರು ಸುಮ್ಮನಾದರು.

ಅವರು ಸುಮ್ಮನಾದುದಕ್ಕೆ ಕಾರಣವಿತ್ತು. ಆ ದಂಡೆಯಿಂದ ಬಹಳ ದೂರವಲ್ಲದ ಕಾರವಾರದ ಕಡಲಿನಲ್ಲಿ ಕೂರ್ಮಗಡದ ನಡುಗಡ್ಡೆಯಿದೆ. 2019ರ ಜನವರಿ 21ರಂದು, ನರಸಿಂಹನ ಜಾತ್ರೆ ಮುಗಿಸಿ ಮರಳುತ್ತಿದ್ದ ಜನರಿಂದ ಕಿಕ್ಕಿರಿದಿದ್ದ ದೋಣಿಯೊಂದು ಮಗುಚಿ 16 ಜನ ಸತ್ತರು. ಅವರಲ್ಲಿ ಹಾವೇರಿ ಜಿಲ್ಲೆಯ ಒಂದೇ ಮನೆತನದವರು ಹಲವರು. ನಮ್ಮಂತೆಯೇ ಬಯಲುಸೀಮೆಯಿಂದ ಕಡಲು ನೋಡಬಂದವರು. ನೀರಿಲ್ಲದ ಸೀಮೆಯ ನಮಗೆ ನೀರಿನ ಮೇಲೆ ಪ್ರೀತಿ ಹೆಚ್ಚು, ಪರಿಚಯ ಕಡಿಮೆ. ಕೊಡದಲ್ಲಿ ಕಂಡ ನೀರಿಗೂ ಅಳಿವೆಯ ನೀರಿಗೂ ಇರುವ ಅಂತರವನ್ನು ನಾವು ದಂಡೆಯ ಮೇಲೆಯೇ ಕಲಿಯಬೇಕು.

ನಾಲ್ಕು ಮಂದಿ ಉಳಿದು, ಎರಡು ಸರದಿಗಳಲ್ಲಿ ಎಲ್ಲರೂ ಹೋಗಿಬಂದೆವು. ಮಕ್ಕಳ ಲೈಫ್ ಜಾಕೆಟ್‌ಗಳು ಮಕ್ಕಳ ಅಳತೆಯವೇ. ಭುಜದ ಬಳಿ ಹಿಡಿದೆತ್ತಿ, ಗಲ್ಲದ ಮೇಲಕ್ಕೆ ಜಾರದೆಂದು ಪರೀಕ್ಷಿಸಿ ತೊಡಿಸಿದರು. ಚಾಲಕನ ಮಣಿಕಟ್ಟಿಗೆ ಕಟ್ಟಿದ ಕೆಂಪು ದಾರವನ್ನು ನನ್ನ ಮಗ ರಾಖಿಯೆಂದು ತಿಳಿದನು; ಚಾಲಕನೇನಾದರೂ ನೀರಿಗೆ ಬಿದ್ದರೆ ಆ ದಾರ ಕಿತ್ತು ಎಂಜಿನ್ನು ತಾನಾಗಿ ನಿಲ್ಲುತ್ತದೆ. ಎರಡೂ ದಡಗಳ ತೆಂಗು, ಬಲೆ ಒಣಗಿಸುವ ಹೆಂಗಸರು, ಹಿಂದೆ ಸಹ್ಯಾದ್ರಿಯ ನೀಲಿ ಗೋಡೆ, ಮುಂದೆ ಕಡಲಿನ ಬಿಳಿಯ ಗೆರೆ; ಆ ಗೆರೆಯನ್ನು ದಾಟಲು ಮಿತ್ರರು ಒಪ್ಪಲಿಲ್ಲ. ಇದೇ ನದಿಯ ದಡದ ಶಿರೂರಿನಲ್ಲಿ 2024ರ ಜುಲೈ ತಿಂಗಳಲ್ಲಿ ಗುಡ್ಡ ಕುಸಿದು ಲಾರಿ ನದಿಯ ಪಾಲಾದುದನ್ನು ನೆನೆದಾಗ, ಡಿಸೆಂಬರಿನ ಆ ಸೌಮ್ಯತೆ ಗಂಗಾವಳಿಯ ಒಂದು ಮುಖ ಮಾತ್ರವೆಂಬುದು ಮನವರಿಕೆಯಾಯಿತು.

ಸಂಜೆ ದೋಣಿ ಮತ್ತೆ ಟ್ರೇಲರನ್ನೇರಿತು. ಬಿರಡೆ ತೆಗೆದು ಒಳನೀರನ್ನು ಬಸಿದ ಮೇಲೆ ಮಿತ್ರರು ಕ್ಯಾನುಗಳಲ್ಲಿ ತಂದಿದ್ದ ಸಿಹಿನೀರಿನಿಂದ ಎಂಜಿನ್ನಿನ ಒಳಹೊರಗನ್ನು ತೊಳೆಯತೊಡಗಿದರು. ಉಪ್ಪು ಉಳಿದರೆ ಲೋಹವನ್ನು ತಿಂದುಬಿಡುತ್ತದೆ. ಕಡಲಿನ ಮೇಲೆ ಆಡಿದ ಯಂತ್ರಕ್ಕೂ ಕೊನೆಗೆ ಬೇಕಾದುದು ಸಿಹಿನೀರೇ. ದುಮ್ಮವಾಡದ ಕೆರೆಯ ಮೇಲೆ ಮೋಟಾರ್ ದೋಣಿ ಏಕಿಲ್ಲವೆಂದು ಕೇಳುವ ಮಕ್ಕಳಿಗೆ ಆ ಕೆಲಸವನ್ನೊಮ್ಮೆ ತೋರಿಸಿದರೆ ಸಾಕು.