ಪಟಲ ಅಂಟಿತು, ನೋಟ ಮರಳಿತೇ?



2019ರ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಂತೆ ಮಲೇಷ್ಯಾದ ವಯಸ್ಕರಲ್ಲಿ ಶೇಕಡಾ 18.3ರಷ್ಟು ಮಂದಿ ಮಧುಮೇಹಿಗಳಾಗಿದ್ದರು. ಪೆಟಾಲಿಂಗ್ ಜಯಾದ ನಮ್ಮ ಬಳಗದಲ್ಲಿಯೂ ಸಕ್ಕರೆ ಕಾಯಿಲೆಯ ಮಾತ್ರೆಯಿಲ್ಲದ ಮನೆ ವಿರಳ. ಆದರೂ ಸಕ್ಕರೆಯ ಅಂಕಿಯನ್ನು ವಿಚಾರಿಸುವಷ್ಟು ಆಸ್ಥೆಯಿಂದ ನಾವು ಕಣ್ಣಿನ ಸ್ಥಿತಿಯನ್ನು ವಿಚಾರಿಸುವುದಿಲ್ಲ.

ದೀರ್ಘಕಾಲದ ಮಧುಮೇಹದಲ್ಲಿ ಅಕ್ಷಿಪಟಲದ, ಅಂದರೆ ರೆಟಿನಾದ, ಸೂಕ್ಷ್ಮ ರಕ್ತನಾಳಗಳು ಮುಚ್ಚಿಹೋಗುತ್ತವೆ. ಆಗ ದುರ್ಬಲವಾದ ಹೊಸ ನಾಳಗಳು ಚಿಗುರುತ್ತವೆ. ಅವುಗಳೊಡನೆ ಬೆಳೆದ ನಾರಿನ ಪೊರೆಯು ಕ್ರಮೇಣ ಕುಗ್ಗಿ, ಪಟಲವನ್ನು ಅದರ ನೆಲೆಯಿಂದ ಎಳೆದು ಬಿಡಿಸುತ್ತದೆ. ಇದರಲ್ಲಿ ನೋವಿಲ್ಲ, ಆದುದರಿಂದಲೇ ರೋಗಿ ತಡವಾಗಿ ಬರುತ್ತಾನೆ.

1970ರ ದಶಕದ ಆರಂಭದಲ್ಲಿ ರಾಬರ್ಟ್ ಮಾಕೆಮರ್ ರೂಪಿಸಿದ ವಿಟ್ರೆಕ್ಟಮಿ ಇಂತಹ ಕಣ್ಣುಗಳಿಗೆ ಆಸರೆಯಾಯಿತು. ಕಣ್ಣೊಳಗಿನ ಲೋಳೆಯಂತಹ ದ್ರವ್ಯವನ್ನು ತೆಗೆದು, ಪೊರೆಯನ್ನು ಬಿಡಿಸಿ, ಲೇಸರ್ ನೀಡಿ, ಅಗತ್ಯವಿದ್ದರೆ ಅನಿಲವನ್ನೋ ಸಿಲಿಕೋನ್ ಎಣ್ಣೆಯನ್ನೋ ತುಂಬುತ್ತಾರೆ.

"ಪಟಲ ಅಂಟಿಕೊಂಡಿದೆ ಎಂದರು, ಆದರೂ ಅಪ್ಪನಿಗೆ ಪತ್ರಿಕೆ ಓದಲಾಗುತ್ತಿಲ್ಲವಲ್ಲ, ಡಾಕ್ಟರೇ?" ಎಂದು ಬಳಗದ ಯುವಕರೊಬ್ಬರು ನಮ್ಮನ್ನು ಕೇಳಿದ್ದುಂಟು. ಅಂಟುವುದು ಬೇರೆ, ಕಾಣುವುದು ಬೇರೆ. ಬಹುಪಾಲು ಕಣ್ಣುಗಳಲ್ಲಿ ಪಟಲವು ಮರಳಿ ಕೂರುತ್ತದೆ. ಕೆಲವರಿಗೆ ಮತ್ತೊಮ್ಮೆ ಶಸ್ತ್ರಕ್ರಿಯೆ ಬೇಕಾಗುತ್ತದೆ. ಆದರೆ ಓದುವ ನೋಟವು ಪಟಲದ ನಡುಭಾಗವಾದ ಮ್ಯಾಕ್ಯುಲಾವನ್ನು ಅವಲಂಬಿಸಿದೆ. ಅದು ಬಹುಕಾಲ ಬಿಟ್ಟುಕೊಂಡಿದ್ದರೆ, ಅಥವಾ ಅದರ ರಕ್ತಸಂಚಾರವೇ ನಿಂತಿದ್ದರೆ, ಶಸ್ತ್ರಕ್ರಿಯೆ ಯಶಸ್ವಿಯಾದರೂ ನೋಟ ಮಸುಕಾಗಿಯೇ ಉಳಿಯಬಹುದು. ಹಾಗೆಂದು ಅದು ವ್ಯರ್ಥವಲ್ಲ. ಯಾರ ಕೈಯನ್ನೂ ಹಿಡಿಯದೆ ಮನೆಯೊಳಗೆ ನಡೆದಾಡುವುದು ಸಣ್ಣ ಲಾಭವೇನಲ್ಲ.

ಪರದೇಶವಾಸಿಗಳಾದ ನಮಗೆ ಇನ್ನೊಂದು ಎಚ್ಚರಿಕೆ ಅತ್ಯಗತ್ಯ. ಕಣ್ಣಿನಲ್ಲಿ ಅನಿಲ ತುಂಬಿದ್ದರೆ ಅದು ಪೂರ್ಣ ಕರಗುವವರೆಗೆ ವಿಮಾನವೇರಕೂಡದು. ಮೇಲೇರಿದಂತೆ ಅನಿಲ ಹಿಗ್ಗಿ, ಕಣ್ಣಿನ ಒತ್ತಡ ಏರಿ, ಉಳಿದ ನೋಟವೂ ಹೋಗಬಹುದು. ಗೆಂಟಿಂಗ್ ಬೆಟ್ಟಕ್ಕೂ ಇದೇ ಮಾತು. ಅನಿಲದ ಬಗೆಯನ್ನನುಸರಿಸಿ ಇದಕ್ಕೆ ಸುಮಾರು ಎರಡರಿಂದ ಎಂಟು ವಾರ ಬೇಕು. ಬೆಂಗಳೂರಿನಲ್ಲಿ ಶಸ್ತ್ರಕ್ರಿಯೆ ಮಾಡಿಸಿಕೊಳ್ಳುವವರು ಹಿಂದಿರುಗುವ ಟಿಕೆಟ್ಟನ್ನು ವೈದ್ಯರನ್ನು ಕೇಳಿಯೇ ಕಾದಿರಿಸಲಿ. ಎಣ್ಣೆ ತುಂಬಿದವರಿಗೆ ಈ ನಿರ್ಬಂಧವಿಲ್ಲ. ಆದರೆ ಎಣ್ಣೆಯನ್ನು ತೆಗೆಯಲು ಸಾಮಾನ್ಯವಾಗಿ ಮತ್ತೊಂದು ಶಸ್ತ್ರಕ್ರಿಯೆ ಬೇಕು.

ನೋಟ ಚೆನ್ನಾಗಿದ್ದರೂ ಮಧುಮೇಹಿಗಳು ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸಕಾಲದ ಲೇಸರ್ ಎಷ್ಟೋ ಶಸ್ತ್ರಕ್ರಿಯೆಗಳನ್ನು ತಪ್ಪಿಸುತ್ತದೆ. ಕಣ್ಣ ಮುಂದೆ ಹಠಾತ್ತನೆ ಕಪ್ಪು ಚುಕ್ಕೆಗಳು ತೇಲಿದರೆ, ಪರದೆ ಇಳಿದಂತಾದರೆ, ನಾಳೆ ಎನ್ನದೆ ಅಂದೇ ನೇತ್ರತಜ್ಞರನ್ನು ಕಾಣಿರಿ. ಊರಿನಲ್ಲಿರುವ ಅಪ್ಪ ಅಮ್ಮಂದಿರಿಗೆ ಈ ವಾರ ಫೋನು ಮಾಡಿದಾಗ, "ಊಟವಾಯಿತೇ" ಎಂಬುದರ ಜೊತೆಗೆ "ಕಣ್ಣು ತೋರಿಸಿದಿರಾ" ಎಂದೂ ಕೇಳೋಣ.