ನೀರಿನ ಮೈಮೇಲೆ ಗಾಳಿಯ ಲೆಕ್ಕ

ಗದ್ದೆಗೆ ನೀರು ಕಟ್ಟಿ ಇನ್ನೂ ನಾಟಿಯಾಗದ ದಿನಗಳಲ್ಲಿ ನಮ್ಮ ಮಲವಗೊಪ್ಪದ ಕಡೆ ಒಂದು ತಮಾಷೆ ನೋಡಬಹುದು. ಕನ್ನಡಿಯಂತಿದ್ದ ನೀರಿನ ಮೇಲೆ ಕಪ್ಪು ಮಚ್ಚೆಯೊಂದು ಸರ್ರನೆ ಓಡುತ್ತದೆ. ಅದು ಮೋಡದ ನೆರಳಲ್ಲ. ಗಾಳಿ ಸೋಕಿದಷ್ಟು ಜಾಗದಲ್ಲಿ ನೀರು ಸಣ್ಣಗೆ ನಿರಿಗೆಗಟ್ಟಿರುತ್ತದೆ, ಅಷ್ಟೆ.

ಇದನ್ನು ಗಮನಿಸಲು ನನಗೆ ಕಲಿಸಿದವರು ಮಲ್ಪೆಯ ಹಿರಿಯ ಮೊಗವೀರರೊಬ್ಬರು. ಆಗ ನಾನು ಅಲ್ಲಿ ಬ್ಯಾಂಕ್ ಗುಮಾಸ್ತ. ದೋಣಿ ಸಾಲದ ಕಂತು ಕಟ್ಟಲು ಬಂದವರು, "ಗಾಳಿ ಕಣ್ಣಿಗೆ ಕಾಣುವುದಿಲ್ಲ ಸಾರ್. ನೀರಿನ ಮೈ ನೋಡಿದರೆ ಎಷ್ಟುಂಟು ಅಂತ ಗೊತ್ತಾಗ್ತದೆ" ಎನ್ನುತ್ತಿದ್ದರು. ನೀರು ನೋಡಿ ಮಗನ ದೋಣಿಯನ್ನು ದಡದಲ್ಲೇ ನಿಲ್ಲಿಸಿದ ದಿನಗಳೂ ಇದ್ದವು. ಕಂತು ತಡವಾದರೆ ಆಗಲಿ, ಮಗ ಮನೆಯಲ್ಲಿರುತ್ತಾನಲ್ಲ!

ಮಕ್ಕಳೇ, ನುಣುಪಾದ ನೀರಿನ ಮೇಲೆ ಗಾಳಿಗೆ ಹಿಡಿತ ಸಿಗುವುದು ಕಷ್ಟ. ಒಮ್ಮೆ ನಿರಿಗೆ ಎದ್ದಿತೋ, ತಳ್ಳಲು ಅದಕ್ಕೊಂದು ಬೆನ್ನು ಸಿಕ್ಕಂತೆ. ಅಲೆ ಬೆಳೆದಷ್ಟೂ ಹಿಡಿತ ಹೆಚ್ಚು, ಹಿಡಿತ ಹೆಚ್ಚಿದಷ್ಟೂ ಅಲೆ ದೊಡ್ಡದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಚಕ್ರಬಡ್ಡಿ! ಆದರೆ ಇದು ಕೊನೆಯಿಲ್ಲದೆ ಬೆಳೆಯುವುದಿಲ್ಲ. ಅಲೆಯ ತುದಿ ಒಡೆದು ಬಿಳಿ ನೊರೆಯಾಗುತ್ತದೆ. ಇತ್ತ ಗಾಳಿಯ ಖಾತೆಯಲ್ಲೂ ಖರ್ಚು ಬೀಳುತ್ತದೆ: ಒರಟು ನೀರಿಗೆ ಉಜ್ಜಿ ಉಜ್ಜಿ ಕೆಳಗಿನ ಗಾಳಿಯ ವೇಗ ತಗ್ಗುತ್ತದೆ.

ಇಂಗ್ಲೆಂಡಿನ ನೌಕಾಪಡೆಯ ಬ್ಯೂಫೋರ್ಟ್ 1805-06ರ ಹೊತ್ತಿಗೆ ಗಾಳಿಗೆ 0ಯಿಂದ 12ರವರೆಗೆ ಅಂಕ ಕೊಟ್ಟ. ಅವನು ಅಳೆದದ್ದು ಹಡಗಿನ ಹಾಯಿ ನೋಡಿ. ಸಮುದ್ರದ ಮೈ ನೋಡುವ ಕ್ರಮ ಆಮೇಲೆ ಸೇರಿತು. 0 ಎಂದರೆ ಕನ್ನಡಿ. 3ಕ್ಕೆ, ಅಂದರೆ ಗಂಟೆಗೆ 12ರಿಂದ 19 ಕಿ.ಮೀ. ಗಾಳಿಗೆ, ಅಲ್ಲಲ್ಲಿ ಬಿಳಿ ನೊರೆ.

"ನಡುಸಮುದ್ರದಲ್ಲಿ ಯಾರು ನೋಡ್ತಾರೆ ಅಜ್ಜ?" ಎಂದಳು ಮೊಮ್ಮಗಳು.

ಉಪಗ್ರಹ ನೋಡುತ್ತದೆ. ನಮ್ಮ ಇಸ್ರೋ 2009ರ ಸೆಪ್ಟೆಂಬರ್ 23ರಂದು ಹಾರಿಸಿದ ಓಷನ್‌ಸ್ಯಾಟ್-2 ಸುಮಾರು 720 ಕಿ.ಮೀ. ಮೇಲಿಂದ ಸಮುದ್ರಕ್ಕೆ ಓರೆಯಾಗಿ ರೇಡಾರ್ ಅಲೆ ಕಳಿಸುತ್ತಿತ್ತು. ನುಣುಪು ನೀರಾದರೆ ಅದು ಕನ್ನಡಿಗೆ ಬಿದ್ದ ಬೆಳಕಿನಂತೆ ಆಚೆಗೆ ಪುಟಿದು ಹೋಗುತ್ತದೆ. ನಿರಿಗೆಗಟ್ಟಿದ ನೀರಾದರೆ ಸ್ವಲ್ಪ ಭಾಗ ವಾಪಸು ಬರುತ್ತದೆ. ಬಂದದ್ದೆಷ್ಟು ಎಂದು ಅಳೆದರೆ ಗಾಳಿಯ ವೇಗ ಸಿಗುತ್ತದೆ. ಬೇರೆ ಬೇರೆ ದಿಕ್ಕಿನಿಂದ ನೋಡಿದರೆ ಗಾಳಿಯ ದಿಕ್ಕೂ ಸಿಗುತ್ತದೆ. 2016ರಲ್ಲಿ ಸ್ಕ್ಯಾಟ್‌ಸ್ಯಾಟ್-1, 2022ರಲ್ಲಿ ಓಷನ್‌ಸ್ಯಾಟ್-3 ಇದೇ ಕೆಲಸಕ್ಕೆ ಹೋದವು. ಚಂಡಮಾರುತ ದೂರದಲ್ಲಿರುವಾಗಲೇ ಅದರ ಗಾಳಿಯನ್ನು ಹೀಗೆ ಅಳೆಯಬಹುದು.

ಅವಳು ಬಿಡಲಿಲ್ಲ. "ಮಳೆಹನಿ ಬಿದ್ದರೂ ನೀರು ಒರಟಾಗುತ್ತಲ್ಲ, ಆಗ?"

ಭಲೇ ಎಂದೆ. ಜೋರು ಮಳೆಯಲ್ಲಿ ಈ ಲೆಕ್ಕ ಏರುಪೇರಾಗುತ್ತದೆ. ಅಂಥ ಅಂಕಿಗಳಿಗೆ ವಿಜ್ಞಾನಿಗಳು 'ಇಲ್ಲಿ ಮಳೆಯಿತ್ತು' ಎಂಬ ಗುರುತು ಹಾಕಿಡುತ್ತಾರೆ. ಅನುಮಾನ ಬಂದ ವೋಚರಿಗೆ ನಾವು ಕೆಂಪು ಪೆನ್ಸಿಲ್ ಗೀಟು ಎಳೆಯುತ್ತಿದ್ದೆವಲ್ಲ, ಹಾಗೆ.