ನಂದೂರ ಗೋಡೆಗೆ ಫೇರೋ ದಂಪತಿ

* ಕಲಬುರಗಿ ಪಕ್ಕದ ನಂದೂರ ಕಡೆ ಹೊಸದಾಗಿ ಕಟ್ಟಿಸಿದ ಮನೆ. ನೆಲಕ್ಕೆ ಶಹಾಬಾದಿ ಫರಸಿ, ಬಾಗಿಲ ಮೇಲೆ ಶರಣಬಸವೇಶ್ವರರ ಫೋಟೊ, ಸೋಫಾದ ಹಿಂದೆ ಗೋಡೆ ತುಂಬ ಈಜಿಪ್ಟಿನ ಚಿತ್ರ. ರಾಜ ಕುಂತಿದ್ದಾನೆ, ರಾಣಿ ಅವನ ಹೆಗಲು ಮುಟ್ಟಿ ನಿಂತಿದ್ದಾಳೆ. ಯಾರಿವರು ಅಂತ ಕೇಳಿದೆ. "ಗಂಡ ಹೆಂಡ್ತಿ ಅದಾರ್ರಿ. ಆನ್‌ಲೈನ್‌ನ್ಯಾಗ ಚಂದ ಕಾಣ್ತು, ತರಿಸೀವಿ." ಯಾವ ಗಂಡ, ಯಾವ ಹೆಂಡತಿ?

* ಮೂಲ ಗೊತ್ತಿರುವಂಥದ್ದೇ. ಪ್ರಾಚೀನ ಈಜಿಪ್ಟಿನ ಅರಸ ಟುಟಂಖಾಮನ್‌ನ ಚಿನ್ನದ ಸಿಂಹಾಸನದ ಬೆನ್ನುಹಲಗೆ. 1922ರ ನವೆಂಬರಿನಲ್ಲಿ ಪುರಾತತ್ವಜ್ಞ ಹೊವಾರ್ಡ್ ಕಾರ್ಟರ್ ಪತ್ತೆ ಹಚ್ಚಿದ ಸಮಾಧಿಯಲ್ಲಿ ಸಿಕ್ಕಿದ್ದು. ಅರಸ ಕುರ್ಚಿಗೆ ತೋಳು ಚೆಲ್ಲಿ ಆರಾಮಾಗಿದ್ದಾನೆ. ರಾಣಿ ಅಂಖೆಸೆನಾಮುನ್ ಒಂದು ಕೈಯಲ್ಲಿ ಬಟ್ಟಲು ಹಿಡಿದು, ಇನ್ನೊಂದರಿಂದ ಅವನ ಹೆಗಲಿಗೆ ಸುಗಂಧ ಲೇಪಿಸುತ್ತಿದ್ದಾಳೆ. ಮೇಲೆ ಸೂರ್ಯ, ಅವನ ಕಿರಣಗಳ ತುದಿಗೆಲ್ಲ ಪುಟ್ಟ ಪುಟ್ಟ ಅಂಗೈ. ನಂದೂರದ ಪ್ರಿಂಟಿನಲ್ಲಿ ಸೂರ್ಯನಿದ್ದಾನೆ, ಅಂಗೈಗಳಿಲ್ಲ. ಹರಸುವ ಕೈಗಳನ್ನೇ ಕತ್ತರಿಸಿ ಹಾಕಿದವರು ಯಾರೋ!

* ಇನ್ನೊಂದು ಇಕ್ಕಟ್ಟು. ಬಹುಪಾಲು ವಿದ್ವಾಂಸರ ಪ್ರಕಾರ ಈ ಇಬ್ಬರದೂ ಒಂದೇ ತಂದೆ. ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ಸೀಮೆಯಲ್ಲೂ ಇದು ನಡೆಯದ ಮಾತು. ಮನೆಯ ಹಿರಿಯರಿಗೆ ಗೊತ್ತಾದರೆ ಮೊಳೆ ಸಮೇತ ಕಿತ್ತಾರು. ಅರಸ ಹದಿನೆಂಟು-ಹತ್ತೊಂಬತ್ತರಲ್ಲೇ ತೀರಿಕೊಂಡ. ಅವನ ಸಮಾಧಿಯಲ್ಲಿ ಜೀವವಿಲ್ಲದೆ ಹುಟ್ಟಿದ ಎರಡು ಹೆಣ್ಣು ಶಿಶುಗಳ ಪುಟ್ಟ ಶವಪೆಟ್ಟಿಗೆಗಳೂ ಇದ್ದವು. ಹೊಸ ಮನೆಯ ಗೋಡೆಗೆ ಇದೇ ಚಿತ್ರವೇ?

* ಮುಖ ಪಕ್ಕಕ್ಕೆ, ಕಣ್ಣು ನಮ್ಮತ್ತ, ಭುಜ ನೇರ, ಪಾದ ಮತ್ತೆ ಪಕ್ಕಕ್ಕೆ. ಒಂದೊಂದು ಅಂಗವೂ ಸ್ಪಷ್ಟವಾಗಿ ಗುರುತು ಸಿಗುವ ಹಾಗೆ ಬರೆಯುವುದು ಹಳೆಯ ಈಜಿಪ್ಟಿನ ಚಿತ್ರಕಾರರ ಕಟ್ಟಳೆ. ಹೀಗಾಗಿ ಎಂಥ ಪ್ರೇಮಿಗಳಾದರೂ ಅರ್ಧ ಮುಖದಲ್ಲೇ ಪ್ರೀತಿಸಬೇಕು. ಅವರ ಚಿತ್ರಲಿಪಿಯ ಅಕ್ಷರಗಳಿಗೂ ನಿಯಮವುಂಟು: ಹಕ್ಕಿ, ಮನುಷ್ಯರ ಮುಖ ಯಾವ ಕಡೆಗಿದೆಯೋ ಆ ಕಡೆಯಿಂದ ಓದಲು ಶುರು ಮಾಡಬೇಕು. ಈ ಪ್ರಿಂಟಿನಲ್ಲಿ ಒಂದೇ ಸಾಲಿನ ಹಕ್ಕಿಗಳು ಒಂದೊಂದು ದಿಕ್ಕಿಗೆ ನೋಡುತ್ತಿವೆ. ಇದನ್ನು ಓದುವುದು ಎಲ್ಲಿಂದ?

* ನಕಲು ಅಲ್ಲೂ ಉಂಟು: ಕೈರೋದಲ್ಲಿ ಪ್ರವಾಸಿಗರಿಗೆ ಪಪೈರಸ್ (ಜೊಂಡಿನ ಹಾಳೆ) ಎಂದು ಬಾಳೆ ಎಲೆಯ ಹಾಳೆ ಮಾರುವವರಿದ್ದಾರೆ. ಹಾಗಿದ್ದರೆ ಕೆಂಪು ಬಾಳೆಗೆ ಹೆಸರಾದ ನಮ್ಮ ಕಮಲಾಪುರ ಹಿಂದೆ ಬೀಳಬೇಕಿಲ್ಲ.

* ಕಲಬುರಗಿಗೆ ಗೋಡೆಯ ಪ್ರೇಮ ಹೊಸದೇನಲ್ಲ. ಇಲ್ಲೇ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಬರೆದ ರಾಧಾ-ಕೃಷ್ಣ, ನಳ-ದಮಯಂತಿ ಚಿತ್ರಗಳು ಕ್ಯಾಲೆಂಡರ್ ಆಗಿ ದೇಶದ ಮನೆಮನೆಯ ಗೋಡೆ ಏರಿದವು. ಅದಕ್ಕೂ ಎಷ್ಟೋ ಹಿಂದಿನದು ಭೀಮಾ ದಂಡೆಯ ಸನ್ನತಿ ಬಳಿಯ ಕನಗನಹಳ್ಳಿ ಸ್ತೂಪ. ಅಲ್ಲಿ ಸುಣ್ಣಕಲ್ಲಿನ ಫಲಕವೊಂದರಲ್ಲಿ ಅಶೋಕ ತನ್ನ ರಾಣಿಯೊಂದಿಗೆ ನಿಂತಿದ್ದಾನೆ, ಸುತ್ತ ಸೇವಕಿಯರು, ಬ್ರಾಹ್ಮಿಯಲ್ಲಿ 'ರಾಯಾ ಅಸೋಕೋ' ಎಂಬ ಹೆಸರೂ ಉಂಟು. ಇಷ್ಟಿದ್ದೂ ನಂದೂರಕ್ಕೆ ನೈಲ್ ದಂಡೆಯ ಅರಸನೇ ಯಾಕೆ ಬೇಕಾಯಿತು?

* ಸದ್ಯಕ್ಕೆ ನನ್ನ ಊಹೆ: ಪಡಸಾಲೆಯಲ್ಲಿ ತಮ್ಮದೇ ಮದುವೆಯ ಆಲಿಂಗನದ ಫೋಟೊ ಹಾಕಿದರೆ ಅತ್ತೆ-ಮಾವನ ಮುಂದೆ ಸಂಕೋಚ. ರಾಧಾ-ಕೃಷ್ಣರನ್ನು ಹಾಕಿದರೆ ಊದಿನಕಡ್ಡಿ ಹಚ್ಚಬೇಕು. ಈ ಈಜಿಪ್ಟಿನವರು ದೇವರೂ ಅಲ್ಲ, ಬೀಗರೂ ಅಲ್ಲ. ಅವರು ಒಬ್ಬರನ್ನೊಬ್ಬರು ಮುಟ್ಟಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಪ್ರೀತಿ ಗೋಡೆಯ ಮೇಲಿರಬೇಕು, ಹೊಣೆ ಮಾತ್ರ ಪರದೇಶದವರ ಮೇಲಿರಬೇಕು.

* ಆಕ್ಷೇಪವೇನೂ ಇಲ್ಲ, ಚಂದದ ಚಿತ್ರವೇ. ಆದರೆ ಮುಂದಿನ ಆರ್ಡರ್ ಹಾಕುವ ಮೊದಲು ಒಂದು ಭಾನುವಾರ ಸನ್ನತಿಗೆ ಹೋಗಿಬನ್ನಿ. ಗೋಡೆಗೆ ಹಾಕಲು ರಾಜ-ರಾಣಿ ನಮ್ಮ ಜಿಲ್ಲೆಯಲ್ಲೇ ಇದ್ದಾರೆ.